ಕದ್ದ ಮಾಲಿಗೆ ಸಭ್ಯ ತಲೆಬರಹ

ವಿಡಿಯೊ ಗೇಮ್ ಪತ್ರಕರ್ತರ ನಿಯತ್ತಿನ ಬಗ್ಗೆ ಯಾರಾದರೂ ಕೊಂಕು ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಇನ್ನೂ ಬಿಡುಗಡೆಯಾಗದ ಗೇಮಿನ ಸೋರಿಕೆಯಾದ ವಿಡಿಯೊ ಕೈಗೆ ಸಿಕ್ಕಾಗ ಅವರು ಪಡುವ ಸಂಕಟ ನೋಡಿದ್ದೀರಾ? 'ಇದು ಕದ್ದ ಮಾಲು, ನಾವು ತೋರಿಸುವುದಿಲ್ಲ' ಎಂದು ಮೊದಲ ಸಾಲಿನಲ್ಲೇ ಆಣೆ ಇಡುತ್ತಾರೆ. ಎರಡನೇ ಸಾಲಿನಿಂದ ಯಾರು ಯಾವ ಅಂಗಿ ಹಾಕಿದ್ದರು, ಯಾವ ಬಂದೂಕು ಹಿಡಿದಿದ್ದರು, ಯಾರು ಸತ್ತರು ಎಂಬ ವರ್ಣನೆ ಶುರು. ತೋರಿಸಲಿಲ್ಲ ಅಲ್ವಾ? ಕಣ್ಣಿಗೆ ಕಟ್ಟುವಂತೆ ಹೇಳಿದರು, ಅಷ್ಟೆ.

ಸ್ಪಾಯ್ಲರ್ ವಿಷಯದಲ್ಲಂತೂ ಅವರ ಕಾಳಜಿ ದೊಡ್ಡದು. 'ಎಚ್ಚರಿಕೆ, ಮುಂದೆ ಕಥೆಯ ಗುಟ್ಟು ಇದೆ' ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ಗುಟ್ಟು ಮಾತ್ರ ಅದಕ್ಕಿಂತ ಮೇಲೆ, ತಲೆಬರಹದಲ್ಲೇ ಕೂತಿರುತ್ತದೆ. 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಕಥೆ ಸೋರಿದ್ದು 2020ರ ಏಪ್ರಿಲ್‌ನಲ್ಲಿ. ಗೇಮ್ ಬಂದದ್ದು ಜೂನ್ 19ಕ್ಕೆ. ಅಲ್ಲಿಯವರೆಗೆ ಇಂಟರ್ನೆಟ್ ಬಿಟ್ಟು ಕಾಡಿಗೆ ಹೋಗದವರದ್ದೇ ತಪ್ಪು ಬಿಡಿ.

2022ರ ಸೆಪ್ಟೆಂಬರ್‌ನಲ್ಲಿ 'ಜಿಟಿಎ 6'ರ ಸುಮಾರು 90 ವಿಡಿಯೊ ಹೊರಬಿದ್ದವು. ಇನ್ನೂ ಕಟ್ಟುತ್ತಿದ್ದ ಗೇಮ್ ಅದು. ಗಾರೆಯೇ ಆಗದ ಗೋಡೆ ನೋಡಿ ಬಣ್ಣ ಸರಿಯಿಲ್ಲ ಅಂದ ಹಾಗೆ, 'ಗ್ರಾಫಿಕ್ಸ್ ಸಪ್ಪೆ' ಅಂತ ಜನ ತೀರ್ಪು ಕೊಟ್ಟರು. ಆಗ ಬೇರೆ ಗೇಮ್ ಮಾಡುವವರು ತಮ್ಮ ಹಳೆಯ ಅರೆಬೆಂದ ದೃಶ್ಯಗಳನ್ನು ತಾವೇ ಹೊರಹಾಕಿ, 'ಎಲ್ಲ ಗೇಮೂ ಹೀಗೇ ಇರುತ್ತದೆ ಮಾರಾಯ್ರೆ' ಎಂದು ತಿಳಿಸಿಕೊಡಬೇಕಾಯಿತು. ಪತ್ರಕರ್ತರು ಮಾಡಬೇಕಿದ್ದ ಕೆಲಸ ಅದು. ಪಾಪ, ಅವರು ಮ್ಯಾಪ್ ಎಷ್ಟು ದೊಡ್ಡದು ಅಂತ ಅಳೆಯುತ್ತಿದ್ದರು.

ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಇನ್ಸಾಮ್ನಿಯಾಕ್ ಎಂಬ ಗೇಮ್ ಕಂಪನಿಯ ಸರದಿ. ಹ್ಯಾಕರ್‌ಗಳು 50 ಬಿಟ್‌ಕಾಯಿನ್ ಕೇಳಿದರು, ಸಿಗಲಿಲ್ಲ, 13 ಲಕ್ಷಕ್ಕೂ ಜಾಸ್ತಿ ಫೈಲ್ ಸುರಿದರು. ಅದರಲ್ಲಿ ನೌಕರರ ಪಾಸ್‌ಪೋರ್ಟ್ ಪ್ರತಿಗಳೂ ಇದ್ದವು. ಅವನ್ನು ಹೆಚ್ಚಿನ ಪತ್ರಕರ್ತರು ಮುಟ್ಟಲಿಲ್ಲ, ಅಷ್ಟರ ಮಟ್ಟಿಗೆ ಮೆಚ್ಚಬೇಕು. ಆದರೆ ಅದೇ ಮೂಟೆಯಿಂದ ಇನ್ನೂ ತಯಾರಾಗುತ್ತಿದ್ದ 'ವುಲ್ವರಿನ್' ಗೇಮಿನ ದೃಶ್ಯಗಳು, ಮುಂದಿನ ಗೇಮ್‌ಗಳ ಪಟ್ಟಿ, ಬಜೆಟ್ ಲೆಕ್ಕ ಎಲ್ಲ ಸುದ್ದಿಯಾದವು. 'ಓದುಗರಿಗೆ ತಿಳಿಯುವ ಹಕ್ಕಿದೆ' ಅಂತ ಸಮಜಾಯಿಷಿ. ಹೌದು, 2030ರ ಸುಮಾರಿಗೆ ಯಾವ ಸೂಪರ್‌ಹೀರೊ ಬರುತ್ತಾನೆ ಅಂತ ಇವತ್ತೇ ಗೊತ್ತಾಗದಿದ್ದರೆ ಪ್ರಜಾಪ್ರಭುತ್ವ ಉಳಿಯುವುದು ಹೇಗೆ?

ಕಂಪನಿಗಳೇನು ಕಮ್ಮಿಯಿಲ್ಲ. ಅದೇ ಡಿಸೆಂಬರ್‌ನಲ್ಲಿ 'ಜಿಟಿಎ 6'ರ ಟ್ರೇಲರ್ ಒಂದು ದಿನ ಮೊದಲೇ ಸೋರಿತು. ಲೋಕವೇ ನೋಡಲಿ ಅಂತ ಮಾಡಿದ ಜಾಹೀರಾತನ್ನು ಲೋಕ ನೋಡಿಬಿಟ್ಟಿತು ಅಂತ ಗೋಳು!

ಹುಡುಕಿ ವಿಚಾರಿಸಿ ಬರೆದ ಸುದ್ದಿಯೂ ಕಂಪನಿಗೆ ಕಳ್ಳತನದಂತೆಯೇ ಕಾಣುತ್ತದೆ. ಕೊಟಾಕು ಎಂಬ ಗೇಮ್ ಸುದ್ದಿಯ ಜಾಲತಾಣ 'ಫಾಲ್‌ಔಟ್ 4' ಮತ್ತು ಒಂದು 'ಅಸ್ಯಾಸಿನ್ಸ್ ಕ್ರೀಡ್' ಗೇಮಿನ ವಿಷಯವನ್ನು ಅಧಿಕೃತ ಘೋಷಣೆಗೆ ಮುಂಚೆಯೇ ಬರೆಯಿತು. ಆ ಗೇಮ್‌ಗಳ ಕಂಪನಿಗಳಾದ ಬೆಥೆಸ್ಡಾ, ಯೂಬಿಸಾಫ್ಟ್ ಎರಡೂ ಮಾತು ಬಿಟ್ಟವು ಎಂದು 2015ರಲ್ಲಿ ಅದೇ ಹೇಳಿಕೊಂಡಿತು. ಇಮೇಲ್‌ಗೆ ಉತ್ತರವಿಲ್ಲ, ವಿಮರ್ಶೆಗೆ ಮುಂಗಡ ಪ್ರತಿಯಿಲ್ಲ.

ಪಾಸ್‌ಪೋರ್ಟ್ ಸೋರಿದ ನೌಕರ ಹಾಗೆ ಮುನಿಸಿಕೊಂಡು ಪ್ರತಿ ನಿಲ್ಲಿಸಲಾರ. ಕಥೆ ಹಾಳಾದ ಆಟಗಾರನೂ ಅಷ್ಟೆ. ಹಾಗಾಗಿ ಉಳಿದ ಪತ್ರಿಕೆಗಳು ಯಾರ ಗುಟ್ಟು ಕಾಯಬೇಕು ಅಂತ ಚೆನ್ನಾಗಿ ಕಲಿತಿವೆ. ಕಂಪನಿ ಕೊಟ್ಟ ಎಂಬಾರ್ಗೊ, ಅಂದರೆ ಇಷ್ಟು ಹೊತ್ತಿನವರೆಗೆ ಬರೆಯಬೇಡಿ ಎಂಬ ಕಟ್ಟು, ಸಂಜೆ ಆರಕ್ಕೆ ಮುಗಿಯುತ್ತದೆ ಅಂದರೆ, ಐದು ಐವತ್ತೊಂಬತ್ತಕ್ಕೆ ಒಬ್ಬರೂ ಬಾಯಿ ಬಿಡುವುದಿಲ್ಲ.