ತೆಂಗಿನಕಾಯಿ ಯಾರದು?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವವರು ಕರಾರು ಪತ್ರವನ್ನು ಓದದೆಯೇ ಸಹಿ ಹಾಕುತ್ತಾರೆಂಬ ಅಪವಾದವಿದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಎಣಿಸಿಕೊಟ್ಟವನಿಗೆ ಓದುವ ತ್ರಾಣವಾದರೂ ಎಲ್ಲಿ ಉಳಿದಿರುತ್ತದೆ? ಆದರೂ ಈ ಸಲ ನಾನು ಓದಿದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಜಾಣತನದಿಂದ 11 ತಿಂಗಳಿಗೇ ನಿಲ್ಲಿಸಿದ್ದ ಆ ಪತ್ರದಲ್ಲಿ, ಗೋಡೆಗೆ ಮೊಳೆ ಹೊಡೆಯಬಾರದೆಂಬ ಷರತ್ತಿನ ಕೆಳಗೆ, ಈ ಸಾಲು ಕುಳಿತಿತ್ತು: “ಪಾರ್ಕಿಂಗ್ ಸ್ಥಳದಲ್ಲಿ ನಿಲ್ಲಿಸಿದ ವಾಹನಕ್ಕೆ ಕಳವು, ಬೆಂಕಿ, ನೀರು, ಇಲಿ, ಮರ, ಗೋಡೆ ಅಥವಾ ಇನ್ನಾವುದೇ ಕಾರಣದಿಂದ ಆಗುವ ಹಾನಿಗೆ ಮಾಲೀಕರು ಯಾವ ರೀತಿಯಲ್ಲೂ ಹೊಣೆಗಾರರಲ್ಲ.”

ಅದರ ಮುಂದಿನ ಷರತ್ತಿನಲ್ಲಿ ಅದೇ ಸ್ಥಳಕ್ಕೆ ತಿಂಗಳಿಗೆ 1,500 ರೂಪಾಯಿ ಪಾರ್ಕಿಂಗ್ ಶುಲ್ಕವಿದೆ. ಅದರಾಚೆಯ ಷರತ್ತಿನ ಪ್ರಕಾರ, ಬಾಡಿಗೆದಾರನ ವಾಹನದಿಂದ ಕಂಬ, ಗೇಟು, ಸಂಪಿನ ಮುಚ್ಚಳ ಇವುಗಳಿಗೆ ಧಕ್ಕೆಯಾದರೆ ದುರಸ್ತಿಯ ಹಣವನ್ನು ಮುಂಗಡದಲ್ಲಿ ಮುರಿದುಕೊಳ್ಳಲಾಗುವುದು. ಅಂದರೆ ಕಾರು ಕಂಬವನ್ನು ಮುಟ್ಟಿದರೆ ಅದು ನನ್ನ ಅಜಾಗರೂಕತೆ, ಕಂಬದ ಗಾರೆ ಉದುರಿ ಕಾರಿನ ಗಾಜು ಒಡೆದರೆ ಅದು ನನ್ನ ಗ್ರಹಚಾರ.

ಈ ನ್ಯಾಯಶಾಸ್ತ್ರದ ಸೂಕ್ಷ್ಮವನ್ನು ನನಗೆ ಬಿಡಿಸಿ ಹೇಳಿದ್ದು ಕಾಂಪೌಂಡಿನ ತೆಂಗಿನಮರ. ಒಂದು ರಾತ್ರಿ ಕಾಯಿಯೊಂದು ನನ್ನ ಕಾರಿನ ಬಾನೆಟ್ಟಿನ ಮೇಲೆ ಬಿದ್ದು, ಇಡ್ಲಿ ತಟ್ಟೆಯ ಗುಳಿಯಷ್ಟು ಚೊಕ್ಕಟವಾದ ಒಂದು ತಗ್ಗು ಮೂಡಿತು. ಬೆಳಿಗ್ಗೆ ಕರೆದು ತೋರಿಸಿದಾಗ ಮಾಲೀಕರು, “ಪ್ರಕೃತಿಯ ಮುಂದೆ ನಾವೇನು ಮಾಡೋಕಾಗತ್ತೆ ಸಾರ್?” ಎನ್ನುತ್ತಲೇ ಬಗ್ಗಿ, ಚಕ್ರದ ಬಳಿಗೆ ಉರುಳಿದ್ದ ಆ ಕಾಯಿಯನ್ನು ಎತ್ತಿಕೊಂಡು ಮಹಡಿ ಹತ್ತಿದರು. ಗೊನೆಯಲ್ಲಿರುವಾಗ ಕಾಯಿ ಮಾಲೀಕರದು. ಗೊನೆಯಿಂದ ಬಾನೆಟ್ಟಿನವರೆಗಿನ ಒಂದೆರಡು ಕ್ಷಣ ಅದು ಭಗವಂತನದು. ನೆಲ ಮುಟ್ಟಿದೊಡನೆ ಮತ್ತೆ ಮಾಲೀಕರದು.

ವಿಮೆ ಇಲ್ಲವೇ ಎಂದು ಕೇಳುವವರಿದ್ದಾರೆ. ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವ ವಿಮೆ, ನನ್ನ ಕಾರಿನಿಂದ ಇತರರಿಗಾಗುವ ಹಾನಿಯನ್ನು ತುಂಬಿಕೊಡುತ್ತದೆಯೇ ಹೊರತು ಇತರರ ತೆಂಗಿನಮರದಿಂದ ನನ್ನ ಕಾರಿಗಾಗುವ ಹಾನಿಯನ್ನಲ್ಲ. ಅದಕ್ಕೆ ಬೇರೆ ಕಂತು ಕಟ್ಟಬೇಕು. ಹಳೆಯ ಕಾರೆಂದು ನಾನು ಕಟ್ಟಿರಲಿಲ್ಲ.

ಕಾನೂನಿನ ಮೊರೆ ಹೋಗೋಣವೆಂದರೆ, ತನ್ನ ವಶಕ್ಕೊಪ್ಪಿಸಿದ ವಸ್ತುವನ್ನು ಸಾಮಾನ್ಯ ವಿವೇಕಿಯು ತನ್ನದೇ ವಸ್ತುವೆಂಬಂತೆ ಜೋಪಾನ ಮಾಡಬೇಕೆಂದು 1872ರ ಕರಾರು ಕಾಯ್ದೆ ಹೇಳುತ್ತದೆ. 1998ರಲ್ಲಿ ದೆಹಲಿಯ ಪಂಚತಾರಾ ಹೋಟೆಲೊಂದರಲ್ಲಿ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ಒಳಹೋದ ಅತಿಥಿಯ ಮಾರುತಿ ಜೆನ್ ಕಳವಾದಾಗ, ಚೀಟಿಯಲ್ಲಿ ‘ಹೊಣೆ ವಾಹನದ ಮಾಲೀಕರದೇ’ ಎಂದು ಮುದ್ರಿಸಿದ ಮಾತ್ರಕ್ಕೆ ಹೋಟೆಲು ತನ್ನ ನಿರ್ಲಕ್ಷ್ಯದಿಂದ ನುಣುಚಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪಿತ್ತಿತು. ಕಳವಿನಿಂದ ತೀರ್ಪಿಗೆ ಇಪ್ಪತ್ತೊಂದು ವರ್ಷ. ಅಷ್ಟರಲ್ಲಿ ಹನ್ನೊಂದು ತಿಂಗಳಿನ ಬಾಡಿಗೆದಾರನು ಇಪ್ಪತ್ತೆರಡೋ ಇಪ್ಪತ್ತಮೂರೋ ಮನೆ ಬದಲಿಸಿರುತ್ತಾನೆ. ಮೇಲಾಗಿ ಆ ತೀರ್ಪಿನ ತಿರುಳಿರುವುದು ಕೀಲಿಯಲ್ಲಿ. ನಮ್ಮ ಮಾಲೀಕರು ಕೀಲಿಯನ್ನು ಎಂದೂ ಕೇಳುವುದಿಲ್ಲ. ಅವರು ಬಾಡಿಗೆಗೆ ಕೊಟ್ಟಿರುವುದು ಜಾಗವನ್ನು ಮಾತ್ರ, ಅದರ ಮೇಲಿನ ಆಕಾಶವನ್ನಲ್ಲ.

2022ರ ಸೆಪ್ಟೆಂಬರಿನ ಮಳೆಯಲ್ಲಿ ನಗರದ ಪೂರ್ವ ಭಾಗದ ಬಡಾವಣೆಗಳಲ್ಲಿ ಲಕ್ಷಾಂತರ ಬೆಲೆಯ ಕಾರುಗಳು ಮುಳುಗಿ, ಜನ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದದ್ದನ್ನು ನೆನೆದರೆ ನನ್ನ ತಗ್ಗು ಅಲ್ಪವೆಂದು ಸಮಾಧಾನ ತಂದುಕೊಂಡಿದ್ದೆ.

ಕಳೆದ ಭಾನುವಾರ ಬೆಳಿಗ್ಗೆ ಮಾಲೀಕರೇ ಬಾಗಿಲು ತಟ್ಟಿದರು. ಕಾಯಿ ಕೀಳುವವನು ಬಂದಿದ್ದಾನೆ, ಕಾರನ್ನು ರಸ್ತೆಗೆ ಹಾಕಬೇಕೆಂದರು. ಕೊನೆಗೂ ನನ್ನ ಬಾನೆಟ್ಟಿನ ಬಗ್ಗೆ ಅವರಿಗೆ ಮರುಕ ಹುಟ್ಟಿತಲ್ಲವೆಂದು ಗದ್ಗದನಾಗಿ ಕೈಮುಗಿದೆ.

“ಅಯ್ಯೋ, ಅದಕ್ಕಲ್ಲ ಸಾರ್,” ಎಂದರು ಅವರು, “ಗಾಡಿ ಮೇಲೆ ಬಿದ್ದರೆ ಕಾಯಿ ಸೀಳಿಹೋಗುತ್ತೆ.”