ಗಾಳಿಗೆ ಹೋದ ಮಧ್ಯಾಹ್ನ

ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಕಲಬುರಗಿಯಲ್ಲಿ ನಾಯಿ ಸಹ ನೆರಳು ಬಿಟ್ಟು ಬರುವುದಿಲ್ಲ. ನಾನು ಮಾತ್ರ ಹಳೇ ಸ್ಕೂಟರ್ ಮೇಲೆ ಶಹಾಬಾದ್ ರಸ್ತೆಯಲ್ಲಿದ್ದೆ. ಹಿಂದೆ ಮಗಳು. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ, ಹಾಗಾಗಿ ದಾರಿಯುದ್ದಕ್ಕೂ ಇಂಗ್ಲಿಷ್ ಪದಗಳು.

‘ಅಪ್ಪಾ, ಡಿಸ್ಪೇರ್ ಅಂದ್ರ ಏನು?’

ಅಷ್ಟರಲ್ಲಿ ಹಿಂದಿನ ಟೈರು ‘ಢಬ್’ ಎಂದಿತು. ಸ್ಟೆಪ್ನಿ ತೆಗೆದು ಒತ್ತಿ ನೋಡಿದೆ. ಇಡ್ಲಿ ಹಾಗೆ ಮೆತ್ತಗಿತ್ತು. ‘ಸ್ಪೇರ್ ಇಲ್ಲದ್ದು’ ಅಂದೆ.

ಅವಳು ನಕ್ಕಳು. ಲ್ಯಾಟಿನ್‌ನಲ್ಲಿ ಸ್ಪೆರಾರೆ ಅಂದರೆ ಆಸೆ ಇಟ್ಟುಕೊಳ್ಳುವುದಂತೆ. ಆಸೆಯೇ ಹೋದರೆ ಡಿಸ್ಪೇರ್. ಪಂಕ್ಚರ್ ಅಂಗಡಿ ಒಂದು ಕಿಲೋಮೀಟರ್ ದೂರ ಇತ್ತು. ಸ್ಕೂಟರ್ ತಳ್ಳುತ್ತಾ ನನ್ನದೂ ಹೋಯಿತು.

ಅಂಗಡಿಯ ಮುಂದೆ ಒಂದು ಬೆಂಚು. ಒಂದು ಕಾಲು ಇಲ್ಲ. ಅದರ ಜಾಗದಲ್ಲಿ ಶಹಾಬಾದ್ ಕಲ್ಲಿನ ಚೂರುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ನಮ್ಮ ಕಡೆ ಮನೆಯ ನೆಲಕ್ಕೂ ಅದೇ, ಕಟ್ಟೆಗೂ ಅದೇ, ಬೆಂಚಿನ ಕಾಲಿಗೂ ಅದೇ. ನಂಬಿ ಕೂತೆ.

ಮರುಕ್ಷಣ ನಾನು ನೆಲದ ಮೇಲೆ. ತಲೆ ಕಲ್ಲಿಗೆ ಬಡಿದು ಹಗಲಲ್ಲೇ ನಕ್ಷತ್ರ ಕಂಡವು.

‘ಅಪ್ಪಾ, ಡಿಸಾಸ್ಟರ್!’ ಅಂದಳು ಮಗಳು. ಎಬ್ಬಿಸಲಿಲ್ಲ, ವಿವರಿಸಿದಳು. ಇಟಲಿಯವರ ಆಸ್ಟ್ರೋ ಅಂದರೆ ನಕ್ಷತ್ರ, ಡಿಸಾಸ್ಟ್ರೋ ಅಂದರೆ ಕೆಟ್ಟ ನಕ್ಷತ್ರ. ನಮ್ಮ ಗ್ರಹಚಾರವೇ ಅಲ್ವಾ? ರೂಯಿನ್ ಅಂದರೆ ಹಾಳಾಗುವುದು, ಅದರ ಮೂಲ ಅರ್ಥ ಬೀಳುವುದು. ಶಿಥಿಲ ಅನ್ನುವ ಅರ್ಥದ ಡಿಲ್ಯಾಪಿಡೇಟೆಡ್‌ನಲ್ಲಿ ಲಾಪಿಸ್ ಇದೆ, ಅಂದರೆ ಕಲ್ಲು. ಅದು ಸುತ್ತಲೂ ಚೆಲ್ಲಾಪಿಲ್ಲಿ ಬಿದ್ದಿತ್ತು.

‘ಇನ್ನ ಬೆಂಚು!’ ಅವಳಿಗೆ ಖುಷಿಯೋ ಖುಷಿ. ಹಿಂದೆ ಇಟಲಿಯಲ್ಲಿ ಲೇವಾದೇವಿಯವರು ಬೆಂಚಿನ ಮೇಲೆ ಹಣ ಇಟ್ಟುಕೊಂಡು ವ್ಯವಹಾರ ಮಾಡುತ್ತಿದ್ದರಂತೆ. ಆ ಬೆಂಚೇ ಬಂಕಾ, ಅದರಿಂದಲೇ ಬ್ಯಾಂಕು. ಬಂಕಾ ರೊತ್ತಾ ಅಂದರೆ ಮುರಿದ ಬೆಂಚು. ಅದೇ ಬ್ಯಾಂಕ್ರಪ್ಟ್, ಅಂದರೆ ದಿವಾಳಿ. ಇಷ್ಟು ದೊಡ್ಡ ಮಾತು ಇಷ್ಟು ಬಡ ಬೆಂಚಿನಿಂದ ಬಂದದ್ದು ಕೇಳಿ ಬಿದ್ದಲ್ಲೇ ಸ್ವಲ್ಪ ಸಮಾಧಾನವಾಯಿತು. ಸೊಂಟಕ್ಕೆ ಆಗಲಿಲ್ಲ.

ಅಂಗಡಿಯವನು ಟ್ಯೂಬ್ ಎತ್ತಿ ಹಿಡಿದ. ‘ಪೂರಾ ಬರ್ಬಾದ್ ಆಗ್ಯಾದ್ರಿ ಸಾಹೇಬ್ರ.’

ಇದು ನನಗೆ ಗೊತ್ತಿದ್ದ ಪದ. ಪಾರ್ಸಿಯಲ್ಲಿ ಬಾದ್ ಅಂದರೆ ಗಾಳಿ, ಬರ್ಬಾದ್ ಅಂದರೆ ಗಾಳಿಗೆ ಹೋದದ್ದು. ಮಗಳಿಗೆ ಕಲಿಸಲು ನನ್ನ ಹತ್ತಿರವೂ ಒಂದು ಪದ ಇದೆ ಅಂತ ಎದೆಯುಬ್ಬಿಸಿ ಹೇಳಿದೆ.

‘ಹೌದೇನ್ರಿ? ಗಾಳಿ ಹೋಗಿದ್ದಕ್ಕ ಐವತ್ತು, ಟ್ಯೂಬಿಗೆ ಬ್ಯಾರೆ, ಬೆಂಚಿಗೆ ನಾಕು ನೂರು’ ಅಂದ ಅವನು.

ಜೇಬು ತಡವಿದೆ. ಪರ್ಸು ಮನೆಯಲ್ಲಿ. ಮಗಳು ಪರೀಕ್ಷೆಯ ಫೀಸಿಗೆ ಅಂತ ಎತ್ತಿಟ್ಟಿದ್ದ ಹಣವನ್ನು ಫೋನಿನಲ್ಲೇ ಕಳಿಸಿದಳು. ಈ ಸಲ ಯಾವ ಪದದ ಅರ್ಥವನ್ನೂ ಹೇಳಲಿಲ್ಲ.