ದೋಣಿಗಿಂತ ಮೊದಲು ವಿಮಾನದ ಕೌಂಟರ್

ಮೆಡಿಟರೇನಿಯನ್‌ನಲ್ಲೋ ಇಂಗ್ಲಿಷ್ ಕಾಲುವೆಯಲ್ಲೋ ಆಶ್ರಯ ಅರಸಿ ಹೊರಟವರ ದೋಣಿ ಮುಳುಗಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಕದ್ದು ಗಡಿ ದಾಟಿಸುವ ದಲ್ಲಾಳಿಗೆ ಸಾವಿರಾರು ಯೂರೋ ಸುರಿಯುವ ಬದಲು ಟಿಕೆಟ್ ತೆಗೆದು ವಿಮಾನದಲ್ಲಿ ಬರಬಾರದೇ? ಕೇಳುವವರಲ್ಲಿ ಕೆಲವರು ಕುಹಕಕ್ಕೇ ಕೇಳುತ್ತಾರೆ. ಆದರೂ ಈ ಪ್ರಶ್ನೆಗೆ ನೇರವಾದ ಉತ್ತರವಿದೆ. ಕೌಂಟರಿನಲ್ಲೇ ತಡೆಯುತ್ತಾರೆ, ವಿಮಾನ ಹತ್ತಲು ಬಿಡುವುದಿಲ್ಲ.

ಯೂರೋಪಿಯನ್ ಒಕ್ಕೂಟದ 2001ರ ನಿರ್ದೇಶನವೊಂದಿದೆ. ಸರಿಯಾದ ವೀಸಾ, ಪಾಸ್‌ಪೋರ್ಟ್ ಇಲ್ಲದವರನ್ನು ಕರೆತಂದ ವಿಮಾನ ಅಥವಾ ಹಡಗು ಕಂಪನಿಗೆ ತಲೆಗೆ ಇಷ್ಟೆಂದು ದಂಡ ಹಾಕಬೇಕು. ಸದಸ್ಯ ರಾಷ್ಟ್ರವೊಂದು ಕನಿಷ್ಠ ದಂಡ ಗೊತ್ತುಮಾಡುವುದಾದರೆ ಅದು 3,000 ಯೂರೋಗಿಂತ ಕಡಿಮೆ ಇರುವಂತಿಲ್ಲ, ಗರಿಷ್ಠ ದಂಡ ಗೊತ್ತುಮಾಡುವುದಾದರೆ 5,000ಕ್ಕಿಂತ ಕಡಿಮೆ ಇರುವಂತಿಲ್ಲ. ಪ್ರಯಾಣಿಕನನ್ನು ವಾಪಸ್ ಒಯ್ಯುವ ಖರ್ಚು, ಅಲ್ಲಿಯವರೆಗೆ ಅವನನ್ನು ಇಟ್ಟುಕೊಳ್ಳುವ ಖರ್ಚು ಕೂಡ ಕಂಪನಿಯ ತಲೆಗೇ. ಬ್ರಿಟನ್ ಇದನ್ನು 1987ರಲ್ಲೇ ಮಾಡಿತ್ತು. ತಲೆಗೆ 1,000 ಪೌಂಡ್ ಎಂದು ಶುರುವಾದ ದಂಡ ಮುಂದೆ 2,000 ಪೌಂಡ್ ಆಯಿತು.

ನಿರಾಶ್ರಿತರ ಹಕ್ಕಿಗೆ ಧಕ್ಕೆಯಿಲ್ಲ ಎಂದು ಆ ನಿರ್ದೇಶನದಲ್ಲೇ ಬರೆದಿದ್ದಾರೆ. ಎದುರಿಗೆ ನಿಂತವನು ನಿಜವಾದ ನಿರಾಶ್ರಿತನೋ ಅಲ್ಲವೋ ಎಂದು ತೀರ್ಮಾನಿಸಲು ವಕೀಲರಿಗೆ, ನ್ಯಾಯಾಧೀಶರಿಗೆ ತಿಂಗಳುಗಟ್ಟಲೆ ಬೇಕು. ಕೌಂಟರಿನ ನೌಕರನಿಗೆ ಸಿಗುವುದು ಎರಡು ನಿಮಿಷ. ಅವನು ವೀಸಾ ಇದೆಯೇ ಎಂದು ನೋಡುತ್ತಾನೆ, ಇಲ್ಲದಿದ್ದರೆ ಪಕ್ಕಕ್ಕೆ ನಿಲ್ಲಿಸುತ್ತಾನೆ.

ಹಾಗಾದರೆ ವೀಸಾ ತೆಗೆದುಕೊಂಡೇ ಬರಲಿ ಎನ್ನಬಹುದು. ಆಶ್ರಯ ಕೇಳುವುದಕ್ಕೆಂದು ಬ್ರಿಟನ್ ಕೊಡುವ ವೀಸಾ ಯಾವುದೂ ಇಲ್ಲ, ಕೇಳುವವರು ಮೊದಲು ಆ ನೆಲದ ಮೇಲೆ ನಿಂತಿರಬೇಕು. ಅಲೆಪ್ಪೊದ ಒಂದು ಕುಟುಂಬ 2016ರಲ್ಲಿ ಬೈರೂತ್‌ನ ಬೆಲ್ಜಿಯಂ ರಾಯಭಾರ ಕಚೇರಿಗೆ ಹೋಗಿ, ಆಶ್ರಯ ಕೇಳಲು ಬರುತ್ತೇವೆ, ವೀಸಾ ಕೊಡಿ ಎಂದು ಮುಚ್ಚುಮರೆಯಿಲ್ಲದೆ ಅರ್ಜಿ ಹಾಕಿತು. ಅಂಥ ವೀಸಾ ಕೊಡಲೇಬೇಕೆಂದು ಒಕ್ಕೂಟದ ಕಾನೂನು ಹೇಳುವುದಿಲ್ಲ ಎಂದು 2017ರ ಮಾರ್ಚ್‌ನಲ್ಲಿ ಯೂರೋಪಿಯನ್ ನ್ಯಾಯಾಲಯ ತೀರ್ಪು ಕೊಟ್ಟಿತು. ನೆಲ ಮುಟ್ಟಿದ ಮೇಲೆ ಹಕ್ಕು ಹುಟ್ಟುತ್ತದೆ, ನೆಲ ಮುಟ್ಟುವ ದಾರಿಗಳೆಲ್ಲ ಮುಚ್ಚಿವೆ. ಇದು ಕಣ್ತಪ್ಪಿನಿಂದ ಆದದ್ದೆಂದು ನಾನು ನಂಬುವುದಿಲ್ಲ. ದಲ್ಲಾಳಿಗಳ ವ್ಯಾಪಾರ ನಡೆಯುತ್ತಿರುವುದೇ ಈ ಎರಡರ ನಡುವಿನ ಸಂದಿಯಲ್ಲಿ.

ಹಳೆಯ ವಸಾಹತುಗಳಿಂದ ಬರುವವರ ವಿಷಯದಲ್ಲಿ ಇನ್ನೊಂದು ಲೆಕ್ಕವೂ ಉಂಟು. 1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆಯ ಪ್ರಕಾರ ಜಮೈಕಾದವನೂ ಲಂಡನ್ನಿನವನೂ ಒಂದೇ ಪೌರತ್ವದವರು, ಅಂದರೆ ಬ್ರಿಟನ್ ಮತ್ತು ಅದರ ವಸಾಹತುಗಳ ಪ್ರಜೆಗಳು. ಅವರು ಬಂದದ್ದು ಹಕ್ಕಿನಿಂದ. ಎಷ್ಟೋ ಮಂದಿಯನ್ನು ಕರೆಸಿಕೊಂಡದ್ದೂ ಉಂಟು: 1956ರಿಂದ ಲಂಡನ್ನಿನ ಸಾರಿಗೆ ಸಂಸ್ಥೆ ಬಾರ್ಬಡೋಸ್‌ನಲ್ಲೇ ಕೂತು ಬಸ್ಸಿಗೆ, ರೈಲಿಗೆ ಜನರನ್ನು ಆಯ್ದುಕೊಂಡಿತು. 1962ರಲ್ಲಿ, ಕೆಲಸಕ್ಕೆಂದು ಬರುವವರಲ್ಲಿ ಸರ್ಕಾರ ಕೊಡುವ ಉದ್ಯೋಗ ವೋಚರ್ ಇಲ್ಲದವರಿಗೆ ಬಾಗಿಲು ಹಾಕಿದರು. 1968ರಲ್ಲಿ ಕೀನ್ಯಾದ ಏಷ್ಯನ್ನರು ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಹೊರಟಾಗ ಸಂಸತ್ತು ಮೂರೇ ದಿನಗಳಲ್ಲಿ ಹೊಸ ಕಾಯ್ದೆ ಮುಗಿಸಿತು. ಪಾಸ್‌ಪೋರ್ಟ್ ಇದ್ದರೆ ಸಾಲದು, ನೀವೋ ನಿಮ್ಮ ತಂದೆ ತಾಯಿಯೋ ಅಜ್ಜ ಅಜ್ಜಿಯೋ ಬ್ರಿಟನ್ನಿನೊಂದಿಗೆ ಹುಟ್ಟಿನಂಥ ನಂಟು ಹೊಂದಿರಬೇಕು. ಬಣ್ಣದ ಹೆಸರೆತ್ತದೆ ಬಣ್ಣ ಸೋಸುವುದಕ್ಕೆ ಇದಕ್ಕಿಂತ ನಾಜೂಕಿನ ಜರಡಿ ಸಿಗಲಾರದು.

ಆಮೇಲಿನದು ಇನ್ನೂ ಕೆಟ್ಟದ್ದು. 1973ರ ಜನವರಿ 1ಕ್ಕೆ ಮೊದಲು ಬಂದು ನೆಲೆಸಿದ ಕಾಮನ್‌ವೆಲ್ತ್ ಪ್ರಜೆಗಳಿಗೆ ಅಲ್ಲೇ ಇರುವ ಹಕ್ಕು ಉಳಿಯಿತು, ಆದರೆ ಅದಕ್ಕೆ ಕಾಗದ ಕೊಡಲಿಲ್ಲ. ಎಷ್ಟೋ ಮಕ್ಕಳು ಅಪ್ಪ ಅಮ್ಮನ ಪಾಸ್‌ಪೋರ್ಟಿನಲ್ಲೇ ಬಂದವರು. 2014 ಮತ್ತು 2016ರ ವಲಸೆ ಕಾಯ್ದೆಗಳು ಮನೆ ಮಾಲೀಕರಿಗೂ ಬ್ಯಾಂಕುಗಳಿಗೂ ದಾಖಲೆ ತಪಾಸಣೆಯ ಕೆಲಸ ಹಚ್ಚಿದವು, ಉದ್ಯೋಗದಾತರಿಗೆ ಅದು ಮೊದಲೇ ಇತ್ತು. ಗೃಹ ಇಲಾಖೆ ಕೇಳಿದ್ದು, ಬ್ರಿಟನ್ನಿನಲ್ಲಿದ್ದ ಪ್ರತಿ ವರ್ಷಕ್ಕೂ ಕನಿಷ್ಠ ಒಂದು ಅಧಿಕೃತ ದಾಖಲೆ. ಬಂದಿಳಿದ ದಿನದ ಚೀಟಿಗಳು ಇಲಾಖೆಯ ಬಳಿಯೇ ಇದ್ದವು, ಅವನ್ನು 2010ರಲ್ಲಿ ನಾಶ ಮಾಡಿದ್ದರು. ಐವತ್ತು ವರ್ಷ ತೆರಿಗೆ ಕಟ್ಟಿದವರು ಕೆಲಸ ಕಳೆದುಕೊಂಡರು, ಕೆಲವರನ್ನು ಗಡೀಪಾರು ಮಾಡಿದರು. 2018ರಲ್ಲಿ ಇದು ಹೊರಬಿದ್ದು ಗೃಹ ಸಚಿವೆ ರಾಜೀನಾಮೆ ಕೊಟ್ಟರು. 2019ರಲ್ಲಿ ಪರಿಹಾರ ಯೋಜನೆ ಬಂತು, ಅದು ಕೈಸೇರುವ ಮೊದಲೇ ತೀರಿಕೊಂಡವರಿದ್ದಾರೆ.

ಇಷ್ಟಾದರೂ ಬಡ ದೇಶಗಳಿಗೆ ಸಹಾಯಧನ ಕೊಡುತ್ತಾರಲ್ಲ ಎಂಬ ವಾದವಿದೆ. ಸಿರಿವಂತ ದೇಶಗಳ ಕೂಟವಾದ ಒಇಸಿಡಿಯ ನಿಯಮದಂತೆ, ನಿರಾಶ್ರಿತನಿಗೆ ತನ್ನದೇ ದೇಶದಲ್ಲಿ ಮೊದಲ ಹನ್ನೆರಡು ತಿಂಗಳು ಮಾಡಿದ ಖರ್ಚನ್ನೂ ವಿದೇಶಿ ಸಹಾಯ ಎಂದೇ ತೋರಿಸಬಹುದು. ಹೀಗೆ 2023ರಲ್ಲಿ ಬ್ರಿಟನ್ ತೋರಿಸಿದ ಮೊತ್ತ ಸುಮಾರು 430 ಕೋಟಿ ಪೌಂಡ್, ಅಂದರೆ ಒಟ್ಟು ಸಹಾಯದ ಕಾಲುಭಾಗಕ್ಕಿಂತ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಬ್ರಿಟನ್ನಿನದೇ ಹೋಟೆಲುಗಳ ಬಾಡಿಗೆಗೆ ಹೋಯಿತು. ಆಶ್ರಯ ಕೊಡುವುದು ಒಳ್ಳೆಯ ಖರ್ಚು, ಅದನ್ನು ಗೃಹ ಇಲಾಖೆಯ ಪುಟದಲ್ಲಿ ಬರೆಯಲಿ. ಅತ್ತ 2023ರ ಕೊನೆಗೆ ಜಗತ್ತಿನ ನಿರಾಶ್ರಿತರಲ್ಲಿ ನೂರಕ್ಕೆ 75 ಮಂದಿ ಇದ್ದದ್ದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಅಂಥ ದೇಶಗಳಾದ ಯುಗಾಂಡ, ಚಾಡ್‌ಗಳಿಗೆ ಈ ಲೆಕ್ಕದ ಜಾಣತನಕ್ಕೆ ಆಸ್ಪದವೇ ಇಲ್ಲ.

ಬಡ ದೇಶಗಳಿಂದ ಸಿರಿವಂತ ದೇಶಗಳಿಗೆ ಕೆಲಸಕ್ಕೆ ಹೋಗುವ ನರ್ಸುಗಳ ಮಾತನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಪಟ್ಟಿಯಲ್ಲಿ ಘಾನಾ, ನೈಜೀರಿಯ, ಜಿಂಬಾಬ್ವೆ ಸೇರಿ 55 ದೇಶಗಳಿವೆ. ಅಲ್ಲಿ ಆರೋಗ್ಯ ಸಿಬ್ಬಂದಿಯೇ ಸಾಲದು, ಅಲ್ಲಿಗೆ ಹೋಗಿ ನೇಮಕಾತಿ ನಡೆಸಬೇಡಿ ಎಂಬುದು ಅದರ ಇಂಗಿತ. ನರ್ಸ್ ತಾನಾಗಿ ಅರ್ಜಿ ಹಾಕಿದರೆ ಅಡ್ಡಿಯಿಲ್ಲ, ಬಾಗಿಲು ತೆರೆದೇ ಇದೆ. ಆಕೆಯನ್ನು ತಡೆಯಬೇಕೆಂದು ನಾನು ಹೇಳಲಾರೆ, ಒಳ್ಳೆಯ ಸಂಬಳಕ್ಕೆ ಹೋಗುವ ಹಕ್ಕು ಆಕೆಗಿದೆ. ಆಕೆಯನ್ನು ಓದಿಸಿದ ಕಾಲೇಜಿಗೆ ನೇಮಿಸಿಕೊಂಡವರು ದುಡ್ಡು ಕಟ್ಟಲಿ.

ಈ ಜನ ಹೊರಟುಬಂದ ದೇಶಗಳನ್ನು ಆಳುವವರು ಸಾಚಾಗಳಲ್ಲ, ಆ ಲೂಟಿಯ ಪಟ್ಟಿ ಬೇರೆಯೇ ಇದೆ. ಆದರೆ ಮೇಲೆ ಹೇಳಿದ ದಂಡ, ವೀಸಾ, ಲೆಕ್ಕದ ನಿಯಮಗಳನ್ನು ಬರೆದವರು ಅವರಲ್ಲ. ಬರೆದವರು ಬದಲಿಸಲೂಬಹುದು. ಇಟಲಿ 2016ರಿಂದ ಲೆಬನಾನ್‌ನಲ್ಲಿದ್ದ ಸಿರಿಯನ್ನರನ್ನು ಮೊದಲೇ ಗುರುತಿಸಿ, ಒಕ್ಕೂಟದ ವೀಸಾ ಸಂಹಿತೆಯ 25ನೇ ವಿಧಿಯಡಿ ಮಾನವೀಯ ವೀಸಾ ಕೊಟ್ಟು, ಮಾಮೂಲಿ ವಿಮಾನದಲ್ಲಿ ರೋಮ್‌ಗೆ ಕರೆತಂದಿತು. ಹೊಸ ಕಾನೂನು ಬೇಕಾಗಲಿಲ್ಲ, ಯಾರೂ ಮುಳುಗಲಿಲ್ಲ. ಟಿಕೆಟ್ಟು, ಮನೆ, ಭಾಷಾ ಪಾಠಗಳ ಖರ್ಚು ಹೊತ್ತವರು ಮಾತ್ರ ಚರ್ಚುಗಳು ಮತ್ತು ಸ್ವಯಂಸೇವಾ ಸಂಘಗಳು. ಸರ್ಕಾರ ಕೊಟ್ಟದ್ದು ವೀಸಾದ ಮುದ್ರೆ.